ಊರ್ಧ್ವದಿಕ್ಕು: ಹೊಂದಿಕೆಯೋ, ಸಡಿಲಿಕೆಯೋ?

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವು ಮೊದಲನೆಯ ಗುಣವ್ರತ. ಇಂತಿಷ್ಟು ದೂರದ ಆಚೆಗೆ ವ್ಯಾಪಾರಕ್ಕಾಗಲಿ ಇತರ ವ್ಯವಹಾರಕ್ಕಾಗಲಿ ಹೋಗುವುದಿಲ್ಲವೆಂದು ಬಾಳಿನುದ್ದಕ್ಕೂ ಮಿತಿಯನ್ನು ಹಾಕಿಕೊಳ್ಳುವುದು ಇದರ ಸ್ವರೂಪ. ಆ ಮಿತಿಯ ಆಚೆಗಿರುವ ಜೀವರಾಶಿಗೆ ತನ್ನಿಂದ ಬಾಧೆಯಾಗದಿರಲಿ, ತನ್ನ ಲೋಭವು ಹರಡದಿರಲಿ ಎಂಬುದು ಉದ್ದೇಶ. ಈ ವ್ರತವನ್ನು ಸ್ವೀಕರಿಸುವ ಹೆಚ್ಚಿನವರು ಪೂರ್ವ ಪಶ್ಚಿಮಗಳನ್ನು, ದಕ್ಷಿಣ ಉತ್ತರಗಳನ್ನು ನೆನೆಯುತ್ತಾರೆ. ಹತ್ತು ದಿಕ್ಕುಗಳಲ್ಲಿ ಊರ್ಧ್ವ ಮತ್ತು ಅಧೋದಿಕ್ಕುಗಳೂ ಸೇರಿವೆ ಎಂಬುದು ಮರೆತೇಹೋಗುತ್ತದೆ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಿಗ್ವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಎಲ್ಲಕ್ಕಿಂತ ಮೊದಲು ಹೆಸರಿಸುವುದು ಊರ್ಧ್ವದ ಅತಿಕ್ರಮವನ್ನೇ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಪರ್ವತ ಮೊದಲಾದವುಗಳನ್ನು ಏರುವುದನ್ನು ನಿದರ್ಶನವಾಗಿ ಕೊಟ್ಟಿದ್ದಾರೆ.

ಕನ್ನಡನಾಡಿನ ಶ್ರಾವಕನಿಗೆ ಈ ಮಾತು ಬಹುಕಾಲ ಗ್ರಂಥದ ಮಾತಾಗಿಯೇ ಉಳಿದಿತ್ತು. ಈ ನಾಡಿನ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೂ 2000 ಮೀಟರುಗಳನ್ನು ಮುಟ್ಟುವುದಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರಿದವನಿಗೆ ಕಾಲು ನೋಯುತ್ತದೆಯೇ ಹೊರತು ಗಾಳಿಯ ಕೊರತೆ ತಿಳಿಯುವುದಿಲ್ಲ. ಇಂದು ಪರಿಸ್ಥಿತಿ ಬೇರೆ. ಸೈನ್ಯ, ರಸ್ತೆ ಕಾಮಗಾರಿ, ಬ್ಯಾಂಕು, ಆಸ್ಪತ್ರೆ, ಪ್ರವಾಸೋದ್ಯಮ ಇವುಗಳ ನಿಮಿತ್ತ ಬಯಲುಸೀಮೆಯ ಕುಟುಂಬಗಳು ಹಿಮಾಲಯದ ಮೇಲ್ಸೀಮೆಗೆ ಹೋಗಿ ನೆಲೆಸುತ್ತಿವೆ. ಲಡಾಖಿನ ಲೇಹ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 3500 ಮೀಟರು ಎತ್ತರದಲ್ಲಿದೆ. ದೆಹಲಿಯಲ್ಲಿ ಬೆಳಗಿನ ವಿಮಾನ ಹತ್ತಿದವನು ಬಿಸಿಲೇರುವ ಮುನ್ನ ಅಲ್ಲಿ ಇಳಿಯುತ್ತಾನೆ.

ಹೀಗೆ ಮೇಲೇರಿ ಮನೆಮಾಡಿದ ಶ್ರಾವಕನ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಕ್ಷೇತ್ರವು ಬದಲಾದಾಗ ವ್ರತವೂ ಬದಲಾಗಬೇಕೆ? ಇದಕ್ಕೆ ಎರಡು ಸಿದ್ಧ ಉತ್ತರಗಳು ಕೇಳಿಬರುತ್ತವೆ. ಕಾಲಕ್ಕೆ ತಕ್ಕ ಕೋಲ, ದೇಶಕ್ಕೆ ತಕ್ಕ ವೇಷ. ಬೆಟ್ಟದ ಮೇಲೆ ನಿಯಮಗಳ ಗೊಡವೆ ಬೇಡ ಎಂಬುದು ಒಂದು. ಪ್ರಾಣ ಹೋದರೂ ಸರಿ, ಊರಿನಲ್ಲಿ ನಡೆದದ್ದು ಕೂದಲೆಳೆಯಷ್ಟೂ ಬದಲಾಗಕೂಡದು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸಡಿಲಿಕೆ ಇದೆ, ಎರಡನೆಯದರಲ್ಲಿ ಹಟ ಇದೆ. ಎರಡರಲ್ಲಿಯೂ ಇಲ್ಲದಿರುವುದು ವಿವೇಕ. ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕನ್ನೂ ಅರಿತು ನಡೆಯಬೇಕೆನ್ನುವ ಜಿನಮತದಲ್ಲಿ ಇವೆರಡಕ್ಕೂ ಸ್ಥಾನವಿಲ್ಲ. ಹಾಗಾದರೆ ಹೊಂದಿಕೆಗೂ ಸಡಿಲಿಕೆಗೂ ಇರುವ ಗಡಿ ಯಾವುದು? ಇದನ್ನು ತಿಳಿಯಲು ಎತ್ತರದಲ್ಲಿ ದೇಹವು ಹೇಗೆ ಹೊಂದಿಕೊಳ್ಳುತ್ತದೆ ಎಂಬುದನ್ನೇ ಮೊದಲು ನೋಡುವುದು ಉಚಿತ.

ದೇಹದ ದುಡಿಮೆ

ಬೆಟ್ಟದ ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಎಂದು ಹಲವರು ತಿಳಿದಿದ್ದಾರೆ. ಪಾಲು ಕಡಿಮೆಯಾಗುವುದಿಲ್ಲ; ಅದು ಎಲ್ಲೆಡೆಯೂ ನೂರಕ್ಕೆ ಸುಮಾರು 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒಟ್ಟು ಒತ್ತಡ. ಲೇಹ್‌ನಲ್ಲಿ ಅದು ಸಮುದ್ರತೀರದ ಒತ್ತಡದ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ. ಲಾಭದ ದರ ಬದಲಾಗದೆ ಮೂಲಧನವೇ ಕರಗಿದ ಅಂಗಡಿಯಂತೆ, ಪ್ರತಿ ಉಸಿರಿನಲ್ಲಿ ಕೈಗೆ ಬರುವ ಮೊತ್ತವೇ ಅಲ್ಲಿ ಕಡಿಮೆ.

ಈ ಕೊರತೆಯನ್ನು ದೇಹವು ಸುಮ್ಮನೆ ಸಹಿಸಿಕೊಂಡು ಕೂರುವುದಿಲ್ಲ. ತಲುಪಿದ ಕೆಲವೇ ಗಂಟೆಗಳಲ್ಲಿ ಉಸಿರಾಟ ಆಳವಾಗುತ್ತದೆ, ಎದೆಬಡಿತ ಏರುತ್ತದೆ. ಹೆಚ್ಚು ಉಸಿರಾಡಿದ್ದರಿಂದ ರಕ್ತದ ಆಮ್ಲ–ಕ್ಷಾರಗಳ ಸಮತೋಲ ಕೆಡುತ್ತದೆ. ಅದನ್ನು ಸರಿಪಡಿಸಲು ಮೂತ್ರಪಿಂಡಗಳು ಹಲವು ದಿನ ಕೆಲಸ ಮಾಡುತ್ತವೆ. ಎಲುಬಿನ ಮಜ್ಜೆಯು ಹೆಚ್ಚಿನ ಕೆಂಪು ರಕ್ತಕಣಗಳನ್ನು ಸಿದ್ಧಪಡಿಸಲು ವಾರಗಳೇ ಬೇಕು. ಒಂದೊಂದು ಅಂಗಕ್ಕೂ ಅದರದೇ ಗತಿ ಇದೆ, ಯಾವುದನ್ನೂ ಅವಸರಪಡಿಸಲಾಗದು. ಇದಕ್ಕೆ ಅವಕಾಶ ಕೊಡದೆ ಏರಿದವನಿಗೆ ತಲೆನೋವು, ವಾಕರಿಕೆ, ನಿದ್ರಾಭಂಗಗಳಿಂದ ಬೆಟ್ಟದ ಬೇನೆ ಆರಂಭವಾಗುತ್ತದೆ. ಕೆಲವರಲ್ಲಿ ಅದು ಶ್ವಾಸಕೋಶದಲ್ಲಿ ನೀರು ತುಂಬುವಷ್ಟಕ್ಕೆ ಅಥವಾ ಮಿದುಳು ಊದಿಕೊಳ್ಳುವಷ್ಟಕ್ಕೆ ಬೆಳೆದು ಪ್ರಾಣಾಂತಕವಾಗುತ್ತದೆ.

ಭಾರತವು ಈ ಪಾಠವನ್ನು ದೊಡ್ಡ ಬೆಲೆ ಕೊಟ್ಟು ಕಲಿತಿದೆ. 1962ರ ಯುದ್ಧದ ಸಂದರ್ಭದಲ್ಲಿ ಬಯಲಿನ ಸೈನಿಕರನ್ನು ಥಟ್ಟನೆ ಎತ್ತರದ ಗಡಿಗೆ ಸಾಗಿಸಬೇಕಾಯಿತು. ಹಾಗೆ ಏರಿ ಬೆಟ್ಟದ ಬೇನೆಗೆ ತುತ್ತಾದ 1925 ಭಾರತೀಯ ಸೈನಿಕರನ್ನು ಕುರಿತು ವೈದ್ಯ ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ಬರೆದ ಪ್ರಬಂಧವು 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ವಿಷಯದಲ್ಲಿ ಜಗತ್ತಿನ ವೈದ್ಯರು ಇಂದಿಗೂ ನೆನೆಯುವ ಬರಹಗಳಲ್ಲಿ ಅದೊಂದು. ಇಂದು ವೈದ್ಯರು ಹೇಳುವ ನಿಯಮ ಸರಳವಾಗಿದೆ. ವಿಮಾನದಲ್ಲಿ ಇಳಿದವರು ಮೊದಲ ಒಂದೆರಡು ದಿನ ವಿಶ್ರಾಂತಿ ಪಡೆಯಬೇಕು. 3000 ಮೀಟರಿನ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲಿಯೇ ತಂಗಬೇಕು. ಬೇನೆ ಹೆಚ್ಚಿದರೆ ಕೆಳಗಿಳಿಯಬೇಕು.

ಇಲ್ಲಿ ಧರ್ಮವಿಚಾರಕ್ಕೆ ಬೇಕಾದ ಒಂದು ಸಂಗತಿ ಅಡಗಿದೆ. ದೇಹದ ಹೊಂದಿಕೆ ಎಂದರೆ ದೇಹವು ತನ್ನ ಕೆಲಸವನ್ನು ಕೈಬಿಡುವುದಲ್ಲ, ಅದೇ ಕೆಲಸವನ್ನು ಹೆಚ್ಚು ದುಡಿದು ಸಾಧಿಸುವುದು. ಅಂಗಾಂಗಗಳಿಗೆ ಆಮ್ಲಜನಕವನ್ನು ಮುಟ್ಟಿಸುವ ಗುರಿ ಬಯಲಿನಲ್ಲಿ ಹೇಗೋ ಬೆಟ್ಟದಲ್ಲಿಯೂ ಹಾಗೆಯೇ ಇರುತ್ತದೆ. ಮಾರ್ಗ ಮಾತ್ರ ಬದಲಾಗುತ್ತದೆ, ಶ್ರಮ ಹೆಚ್ಚುತ್ತದೆ. ವ್ರತದ ಹೊಂದಿಕೆಗೂ ಇದೇ ಒರೆಗಲ್ಲು. ಬದಲಾವಣೆಯಿಂದ ವ್ರತಿಯ ಎಚ್ಚರ ಮತ್ತು ದುಡಿಮೆ ಹೆಚ್ಚಿದರೆ ಅದು ಹೊಂದಿಕೆ. ಎಚ್ಚರ ಕಡಿಮೆಯಾಗಿ, ಅದರ ಭಾರ ಬೇರೆ ಜೀವಿಗಳ ಮೇಲೆ ಬಿದ್ದರೆ ಅದು ಸಡಿಲಿಕೆ.

ಒಂದು ಮನೆಯ ನಿದರ್ಶನ

ಈ ಒರೆಗಲ್ಲನ್ನು ಒಂದು ಮನೆಯ ಸಂಗತಿಗೆ ಹಚ್ಚಿ ನೋಡಬಹುದು. ಮನೆ ಕಲ್ಪಿತವಾದುದು, ಸಂದರ್ಭ ಮಾತ್ರ ಯಾವ ಮನೆಯಲ್ಲಿಯೂ ಒದಗಬಹುದಾದದ್ದು. ಬೆಳಗಾವಿ ಸೀಮೆಯ ಹಳ್ಳಿಯೊಂದರ ತರುಣ ಇಂಜಿನಿಯರನು ಲೇಹ್‌ಗೆ ವರ್ಗವಾಗಿ ಹೋಗಿ ಎರಡು ವರ್ಷಗಳಾಗಿವೆ. ಮಗ ಸೊಸೆಯರೊಡನೆ ದಶಲಕ್ಷಣ ಪರ್ವವನ್ನು ಆಚರಿಸಬೇಕೆಂದು ಅರವತ್ತೈದು ದಾಟಿದ ತಾಯಿ ಭಾದ್ರಪದ ಶುಕ್ಲ ಚತುರ್ಥಿಯ ದಿನ ವಿಮಾನದಲ್ಲಿ ಬಂದಿಳಿಯುತ್ತಾರೆ. ಮರುದಿನ ಪರ್ವದ ಆರಂಭ. ಮೂವತ್ತು ವರ್ಷಗಳಿಂದ ಆ ದಿನ ನೀರನ್ನೂ ಮುಟ್ಟದೆ ಉಪವಾಸ ಮಾಡಿದವರು ಅವರು. ಈ ವರ್ಷವೂ ಹಾಗೆಯೇ ಸಂಕಲ್ಪ ಮಾಡುತ್ತಾರೆ.

ಸಂಜೆಯ ಹೊತ್ತಿಗೆ ತಲೆ ಸಿಡಿಯತೊಡಗುತ್ತದೆ. “ತಮ್ಮಾ, ಉಪವಾಸದ ತಲೆಬೇನೆ ಇದು, ಬೆಳಗಾದರೆ ಹೋಗುತ್ತದೆ” ಎನ್ನುತ್ತಾರೆ ತಾಯಿ. “ಅವ್ವಾ, ಇದು ಉಪವಾಸದ್ದಲ್ಲ, ಬೆಟ್ಟದ್ದು ಇರಬಹುದು” ಎನ್ನುತ್ತಾನೆ ಮಗ. “ಮೂವತ್ತು ವರ್ಷ ನಡೆದದ್ದನ್ನು ನಿನ್ನ ಮನೆಗೆ ಬಂದು ಮುರಿಯಲೇ?” ಎಂಬ ಮಾತಿಗೆ ಅವನು ಸುಮ್ಮನಾಗುತ್ತಾನೆ. ರಾತ್ರಿ ವಾಂತಿಯಾಗುತ್ತದೆ. ಅಂಗಳಕ್ಕೆ ಬಂದ ಆಕೆಯ ಹೆಜ್ಜೆ ತಪ್ಪುತ್ತಿರುವುದನ್ನು ಪಕ್ಕದ ಮನೆಯ ಲಡಾಖಿ ಅಜ್ಜಿ ಕಾಣುತ್ತಾಳೆ. ಹೆಜ್ಜೆ ತಪ್ಪುವುದು ಮಿದುಳಿಗೆ ತೊಂದರೆ ತಟ್ಟಿದ ಗುರುತೆಂದು ಆ ಸೀಮೆಯಲ್ಲಿ ಬಾಳಿದ ಆಕೆಗೆ ಗೊತ್ತು. ಆಕೆಯ ಮೊಮ್ಮಗನು ವಾಹನ ತರುತ್ತಾನೆ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡುತ್ತಾರೆ. ಬೆಳಗಿನ ವಿಮಾನದಲ್ಲಿ ತಾಯಿಯನ್ನು ಕೆಳಗೆ ಕರೆದೊಯ್ಯಬೇಕೆಂದು ವೈದ್ಯರು ಹೇಳುತ್ತಾರೆ.

ಈ ಸಂಗತಿಯಲ್ಲಿ ತಪ್ಪು ಯಾರದು? ತಾಯಿಯ ಶ್ರದ್ಧೆಯನ್ನು ಹಳಿಯುವುದು ಸುಲಭ, ಅದು ನ್ಯಾಯವಲ್ಲ. ಹಸಿವು ನೀರಡಿಕೆಗಳನ್ನು ಸಮಭಾವದಿಂದ ಸಹಿಸುವ ಶಕ್ತಿಯನ್ನು ಮೂವತ್ತು ವರ್ಷಗಳಲ್ಲಿ ಗಳಿಸಿದ ಜೀವ ಅದು. ಆದರೆ ಆ ಶಕ್ತಿಯನ್ನು ಅಳೆದದ್ದು ಊರಿನ ಗಾಳಿಯಲ್ಲಿ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂಬ ಎರಡಿವೆ. ಶಕ್ತಿಯನ್ನು ಬಚ್ಚಿಡದೆ, ಶಕ್ತಿಯನ್ನು ಮೀರದೆ ತ್ಯಾಗವನ್ನೂ ತಪಸ್ಸನ್ನೂ ಮಾಡಬೇಕೆಂಬುದು ಇವುಗಳ ತಾತ್ಪರ್ಯ. ಶಕ್ತಿ ಎಂಬುದು ಗಳಿಸಿಟ್ಟ ಠೇವಣಿಯಲ್ಲ. ಕ್ಷೇತ್ರ ಬದಲಾದಾಗ ಅದನ್ನು ಹೊಸದಾಗಿ ಅಳೆಯಬೇಕಾಗುತ್ತದೆ.

ಸಲ್ಲೇಖನದ ಹೆಸರನ್ನು ಇಲ್ಲಿ ಎತ್ತುವುದೂ ಸಲ್ಲದು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದೆ ಬಂದೊದಗಿದಾಗ ಮಾತ್ರ ಧರ್ಮಕ್ಕಾಗಿ ದೇಹವನ್ನು ಬಿಡುವ ವಿಧಿಯನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಬೆಟ್ಟದ ಬೇನೆಗೆ ಪ್ರತೀಕಾರವಿದೆ, ಕೆಳಗಿಳಿಯುವುದೇ ಅದು. ಪ್ರತೀಕಾರವಿರುವ ರೋಗಕ್ಕೆ ದೇಹವನ್ನು ಒಪ್ಪಿಸುವುದು ತಪಸ್ಸಲ್ಲ. ಜೈನಾಗಮದ ಹತ್ತು ಪ್ರಾಣಗಳಲ್ಲಿ ಉಚ್ಛ್ವಾಸ–ನಿಃಶ್ವಾಸವೂ ಒಂದು. ಪ್ರಮಾದದಿಂದ ಪ್ರಾಣಕ್ಕೆ ಕೇಡು ತರುವುದೇ ಹಿಂಸೆ ಎಂದ ಉಮಾಸ್ವಾಮಿಗಳು ಆ ಪ್ರಾಣ ಪರರದ್ದೇ ಆಗಿರಬೇಕೆಂದು ಹೇಳಲಿಲ್ಲ.

ಇನ್ನು ಮಗನ ಮೌನವನ್ನು ಪರೀಕ್ಷಿಸಬೇಕು. ಅದು ಹೊರನೋಟಕ್ಕೆ ಮಾತೃಭಕ್ತಿ. ಆದರೆ ವಿಶ್ರಾಂತಿ, ಆಮ್ಲಜನಕ, ಕೆಳಗಿಳಿಯುವಿಕೆ ಎಂಬ ಮೂರು ಉಪಾಯಗಳಲ್ಲಿ ಒಂದಾದರೂ ಉಪವಾಸವನ್ನು ಮುರಿಯುವುದಿಲ್ಲ. ಉಪವಾಸದಲ್ಲಿ ಬಿಡುವುದು ನಾಲ್ಕು ಬಗೆಯ ಆಹಾರವನ್ನು. ಗಾಳಿಯು ಆ ನಾಲ್ಕರಲ್ಲಿ ಸೇರಿಲ್ಲ. ಸಂಜೆಯೇ ಆಸ್ಪತ್ರೆಗೆ ಕರೆದೊಯ್ದಿದ್ದರೆ ವ್ರತಕ್ಕೂ ಜೀವಕ್ಕೂ ವಿರೋಧವೇ ಬರುತ್ತಿರಲಿಲ್ಲ. ಅವರನ್ನು ತಡೆದದ್ದು ವ್ರತವಲ್ಲ. ಪರ್ವದ ದಿನ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕೆ ಎಂಬ ಸಂಕೋಚ, ತಾಯಿಯ ಮಾತಿಗೆ ಎದುರಾಡಿದಂತಾದೀತೆಂಬ ಅಂಜಿಕೆ. ನೀರನ್ನೇ ಕೊಡಬೇಕೆಂದು ವೈದ್ಯರು ಹೇಳಿದ್ದರೂ, ಭಂಗವಾದ ವ್ರತಕ್ಕೆ ಗುರುಗಳ ಬಳಿ ಪ್ರಾಯಶ್ಚಿತ್ತವುಂಟು. ಹೋದ ಮನುಷ್ಯಜನ್ಮವನ್ನು ಯಾವ ಪ್ರಾಯಶ್ಚಿತ್ತವೂ ತಂದುಕೊಡದು. ತಾಯಿಗೆ ಬೆಟ್ಟದ ಬೇನೆಯ ಸ್ವರೂಪ ತಿಳಿದಿರಲಿಲ್ಲ, ಮಗನಿಗೆ ತಿಳಿದಿತ್ತು. ತಿಳಿದವನ ಮೌನದಲ್ಲಿ ಪ್ರಮಾದದ ಪಾಲು ಹೆಚ್ಚು.

ಆದರೂ ನಿಜವಾದ ಲೋಪವು ಆ ಸಂಜೆಗಿಂತ ಮೊದಲೇ, ವಿಮಾನದ ಟಿಕೆಟನ್ನು ಕೊಂಡ ದಿನವೇ ಆಗಿತ್ತು. ಪರ್ವಕ್ಕೆ ಎರಡು ವಾರ ಮೊದಲೇ ತಾಯಿಯನ್ನು ಕರೆಸಿಕೊಳ್ಳಬಹುದಿತ್ತು. ಮೇಲೇರುವ ಮುನ್ನ ಊರಿನ ವೈದ್ಯರಿಗೆ ತೋರಿಸಬಹುದಿತ್ತು. ಆ ವರ್ಷ ಮಗನೇ ರಜೆ ಹಾಕಿ ಊರಿಗೆ ಬರಬಹುದಿತ್ತು. ತಪಸ್ಸಿನ ಬಗೆಯನ್ನೂ ಬದಲಿಸಬಹುದಿತ್ತು. ಬಾಹ್ಯತಪಗಳು ಆರು, ಅನಶನ ಅವುಗಳಲ್ಲಿ ಒಂದು ಮಾತ್ರ. ಹೊಟ್ಟೆ ತುಂಬ ಉಣ್ಣದೆ ಮಿತವಾಗಿ ಉಣ್ಣುವ ಅವಮೋದರ್ಯ, ತುಪ್ಪ ಹಾಲು ಸಕ್ಕರೆಗಳನ್ನು ಬಿಡುವ ರಸಪರಿತ್ಯಾಗ, ಏಕಾಂತದಲ್ಲಿ ಸ್ವಾಧ್ಯಾಯನಿರತವಾಗಿರುವ ವಿವಿಕ್ತಶಯ್ಯಾಸನ ಇವೂ ತಪಗಳೇ. ಎತ್ತರಕ್ಕೆ ಹೊಸದಾಗಿ ಬಂದವರಿಗೆ ಲಘುವಾದ ಊಟ, ಸಾಕಷ್ಟು ನೀರು, ಕಡಿಮೆ ಓಡಾಟ ಹಿತವೆಂದು ವೈದ್ಯರೂ ಹೇಳುತ್ತಾರೆ. ನೀರಿಲ್ಲದ ದೇಹಕ್ಕೂ ತಲೆ ನೋಯುತ್ತದೆ, ಬೆಟ್ಟದ ಬೇನೆಗೂ ತಲೆ ನೋಯುತ್ತದೆ. ಒಂದರ ಮರೆಯಲ್ಲಿ ಇನ್ನೊಂದು ಬೆಳೆಯುವುದೇ ಮೊದಲ ದಿನಗಳ ನಿರ್ಜಲ ಉಪವಾಸದ ದೊಡ್ಡ ಅಪಾಯ. ಅನಶನವನ್ನು ಅವಮೋದರ್ಯಕ್ಕೆ ಬದಲಿಸುವುದು ತಪಸ್ಸನ್ನು ಬಿಟ್ಟಂತಲ್ಲ. ಮೂವತ್ತು ವರ್ಷಗಳ ಅಭಿಮಾನವನ್ನು ಬದಿಗಿಡಬೇಕಾದ ಆ ಬದಲಾವಣೆಯೇ ಮಾರ್ದವಧರ್ಮದ ಸಾಧನೆಯಾಗುತ್ತಿತ್ತು. ಪರ್ವದ ಎರಡನೆಯ ದಿನದ ಧರ್ಮವೂ ಅದೇ.

ಅಡುಗೆಮನೆ ಮತ್ತು ನೀರು

ಮೊದಲ ವಾರ ಕಳೆದು ದೇಹವು ಒಗ್ಗಿಕೊಂಡ ಮೇಲೆ ದಿನನಿತ್ಯದ ಬಾಳಿನ ಪ್ರಶ್ನೆಗಳು ಬರುತ್ತವೆ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯತೊಡಗುತ್ತದೆ. ಕುದಿಯುವುದು ಕಣ್ಣಿಗೆ ಕಂಡರೂ ಊರಿನಷ್ಟು ಬಿಸಿ ಅದರಲ್ಲಿರುವುದಿಲ್ಲ. ತೊಗರಿಬೇಳೆ ಬೇಯಲು ಕುಕ್ಕರ್ ಅನಿವಾರ್ಯ. ಕುಡಿಯುವ ನೀರನ್ನು 2000 ಮೀಟರಿನ ಮೇಲೆ ಮೂರು ನಿಮಿಷ ಕುದಿಸಬೇಕೆಂದು ಆರೋಗ್ಯತಜ್ಞರು ಹೇಳುತ್ತಾರೆ. ಸೋಸಿ ಕಾಯಿಸಿದ ಪ್ರಾಸುಕ ಜಲವನ್ನೇ ಬಳಸುವ ಮನೆಯಲ್ಲಿ ಕುದಿ ಬಂದೊಡನೆ ಒಲೆ ಆರಿಸುವ ರೂಢಿ ಇದ್ದರೆ ಅಲ್ಲಿ ಅದನ್ನು ತಿದ್ದಿಕೊಳ್ಳಬೇಕು. ಇದು ಹೊಂದಿಕೆ, ಎಚ್ಚರ ಇಲ್ಲಿ ಮೂರು ನಿಮಿಷದಷ್ಟು ಹೆಚ್ಚಿದೆ.

ರಾತ್ರಿಭೋಜನ ತ್ಯಾಗದ ನಿಯಮಕ್ಕೂ ಹೊಸ ಲೆಕ್ಕ ಬೇಕು. ಚಳಿಗಾಲದಲ್ಲಿ ಅಲ್ಲಿ ಐದು ಗಂಟೆಯ ನಂತರ ಬೇಗನೆ ಸೂರ್ಯಾಸ್ತವಾಗುತ್ತದೆ. ಸುತ್ತಲಿನ ಬೆಟ್ಟಗಳ ಮರೆಗೆ ಸೂರ್ಯನು ಅದಕ್ಕೂ ಮೊದಲೇ ಸರಿಯುತ್ತಾನೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಊಟ ಮುಗಿಸುವವನು ಸಂಜೆ ನಾಲ್ಕರ ಹೊತ್ತಿಗೆ ಕೈತೊಳೆಯಬೇಕಾಗುತ್ತದೆ. ಕಚೇರಿ ಐದಕ್ಕೆ ಬಿಡುತ್ತದೆ ಎಂಬ ಕಾರಣಕ್ಕೆ ದೀಪದ ಬೆಳಕಿನಲ್ಲಿ ಉಣ್ಣತೊಡಗುವುದು ಸಡಿಲಿಕೆ. ಬುತ್ತಿ ಕಟ್ಟಿಕೊಂಡು ಹೋಗಿ ಕಚೇರಿಯಲ್ಲಿಯೇ ಉಂಡು, ರಾತ್ರಿ ಬರಿಗೈಯಲ್ಲಿ ಮನೆಯವರೊಡನೆ ಕುಳಿತುಕೊಳ್ಳುವುದು ಹೊಂದಿಕೆ. ಮೊದಲನೆಯದು ಸುಲಭ, ಎರಡನೆಯದಕ್ಕೆ ಮನೆಯೊಡತಿಯ ಮತ್ತು ಮನೆಯೊಡೆಯನ ಇಬ್ಬರ ದುಡಿಮೆಯೂ ಬೇಕು.

ಕಂದಮೂಲಗಳನ್ನು ವರ್ಜಿಸಿದವರ ತೊಡಕು ಇನ್ನೂ ದೊಡ್ಡದು. ಲಡಾಖಿನ ಚಳಿಗಾಲದ ತರಕಾರಿ ಎಂದರೆ ಮಣ್ಣಿನ ಕುಣಿಯಲ್ಲಿ ಕಾಪಿಟ್ಟ ಆಲೂಗಡ್ಡೆ, ಮೂಲಂಗಿ, ಗಜ್ಜರಿ, ಟರ್ನಿಪ್ ಗೆಡ್ಡೆಗಳು. ಹಿಮ ಬಿದ್ದು ರಸ್ತೆ ಮುಚ್ಚಿದಾಗ ಸೊಪ್ಪು ಕಾಯಿಪಲ್ಲೆಗಳು ವಿಮಾನದಲ್ಲಿ ಬರುತ್ತವೆ, ಬೆಲೆ ಹಲವು ಪಟ್ಟು ಏರುತ್ತದೆ. ಹಣವುಳ್ಳ ಶ್ರಾವಕನು ಅದನ್ನೇ ದಿನವೂ ಕೊಂಡು ವ್ರತ ನಡೆಸಬಲ್ಲ. ಅದಕ್ಕಾಗಿ ಸುಡುವ ಇಂಧನದ ಹಿಂಸೆ ಯಾರ ಲೆಕ್ಕಕ್ಕೆ ಬರೆಯಬೇಕು ಎಂಬುದನ್ನು ಅವನು ಯೋಚಿಸಬೇಕು. ಅದೇ ಊರಿನ ಹೆಂಗಸರು ಬೇಸಿಗೆಯಲ್ಲಿ ಸೊಪ್ಪನ್ನೂ ತರಕಾರಿಯನ್ನೂ ಒಣಗಿಸಿ ಚಳಿಗಾಲಕ್ಕೆ ಕಟ್ಟಿಡುತ್ತಾರೆ. ಬಾರ್ಲಿಯ ಹುರಿಹಿಟ್ಟು ಅಲ್ಲಿನ ನಿತ್ಯದ ಆಹಾರ. ಒಣಗಿದ ಜರದಾಳು ಹಣ್ಣು ಹೇರಳ. ಊರಿನಿಂದ ತಂದ ಬೇಳೆಯ ಜೊತೆಗೆ ಇವುಗಳನ್ನು ಸೇರಿಸಿಕೊಂಡರೆ ಗೆಡ್ಡೆಯನ್ನು ಮುಟ್ಟದೆ ಚಳಿಗಾಲ ಕಳೆಯಬಹುದು. ಆದರೆ ಅದಕ್ಕೆ ಜೂನ್ ತಿಂಗಳಿನಲ್ಲಿಯೇ ಡಿಸೆಂಬರಿನ ಯೋಚನೆ ಇರಬೇಕು, ನೆರೆಮನೆಯ ಅಂಗಳದಲ್ಲಿ ಕುಳಿತು ಕಲಿಯುವ ವಿನಯವೂ ಇರಬೇಕು.

ನೀರಿನ ವಿಷಯದಲ್ಲಿ ಸ್ಥಿತಿ ತಿರುವುಮುರುವು. ಅಲ್ಲಿ ಬಿಡಬೇಕಾದದ್ದು ಊರಿನ ರೂಢಿಯನ್ನೇ. ಲೇಹ್‌ನಲ್ಲಿ ವರ್ಷವಿಡೀ ಸುರಿಯುವ ಮಳೆ ಹಿಮಗಳೆಲ್ಲ ಸೇರಿ 100 ಮಿಲಿಮೀಟರಿನ ಆಸುಪಾಸು. ಮೂಡುಬಿದಿರೆಯ ಮಳೆಗಾಲದಲ್ಲಿ ಒಂದೇ ದಿನ ಇಷ್ಟು ಸುರಿಯುವುದುಂಟು. ಹೊಲಗಳಿಗೂ ಮನೆಗಳಿಗೂ ಹಿಮ ಕರಗಿದ ನೀರೇ ಆಧಾರ. ಚಳಿಗಾಲದಲ್ಲಿ ವ್ಯರ್ಥವಾಗಿ ಹರಿದುಹೋಗುವ ನೀರನ್ನು ಹೆಪ್ಪುಗಟ್ಟಿಸಿ ವಸಂತದ ಬಿತ್ತನೆಗೆ ಒದಗಿಸಲು ಚೆವಾಂಗ್ ನೋರ್ಫೆಲ್ ಎಂಬ ಲಡಾಖಿ ಇಂಜಿನಿಯರರು 1980ರ ದಶಕದ ಕೊನೆಯಿಂದ ಕೃತಕ ಹಿಮನದಿಗಳನ್ನು ಕಟ್ಟುತ್ತ ಬಂದರು; 2015ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಇಂಥ ಸೀಮೆಯಲ್ಲಿ ಶುಚಿತ್ವದ ಹೆಸರಿನಲ್ಲಿ ಊರಿನಂತೆ ಕೊಡಗಟ್ಟಲೆ ನೀರು ಸುರಿಯುವುದು ಜಲಕಾಯ ಜೀವಗಳ ಹಿಂಸೆಯೂ ಹೌದು, ನೆರೆಯವನ ಪಾಲಿನ ಅಪಹರಣವೂ ಹೌದು. ಅಲ್ಲಿನ ಹಳೆಯ ಮನೆಗಳ ಒಣ ಶೌಚಾಲಯಗಳನ್ನು ಕಂಡು ಮೂಗು ಮುರಿಯುವವರು, ನಿರ್ಜಂತುಕವಾದ ಒಣನೆಲವನ್ನು ನೋಡಿ ಮಲವಿಸರ್ಜನೆ ಮಾಡಬೇಕೆಂಬ ಮುನಿಗಳ ಉತ್ಸರ್ಗ ಸಮಿತಿಯನ್ನು ನೆನೆಯಬೇಕು.

ನೆರೆಹೊರೆ

ಈ ಬಾಳಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲಡಾಖಿನ ಬೌದ್ಧರಲ್ಲಿಯೂ ಮುಸಲ್ಮಾನರಲ್ಲಿಯೂ ಹೆಚ್ಚಿನವರು ಮಾಂಸಾಹಾರಿಗಳು. ಹಲವು ಸಣ್ಣ ಜೀವಿಗಳನ್ನು ಕೊಲ್ಲುವುದಕ್ಕಿಂತ ಒಂದು ದೊಡ್ಡ ಪ್ರಾಣಿಯಿಂದ ಬಹುದಿನ ಬಾಳುವುದು ಲೇಸು ಎಂಬ ವಿಚಾರ ಟಿಬೆಟಿನ ಪರಂಪರೆಯ ಬೌದ್ಧರಲ್ಲಿ ಪ್ರಚಲಿತವಾಗಿದೆ. ಈ ವಾದ ಜೈನಾಚಾರ್ಯರಿಗೆ ಹೊಸದಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ಎತ್ತಿಕೊಂಡು, ಹೀಗೆ ಎಣಿಸಿ ದೊಡ್ಡ ಪ್ರಾಣಿಯನ್ನು ಎಂದೂ ಕೊಲ್ಲಬಾರದೆಂದು ನಿರಾಕರಿಸಿದ್ದಾರೆ. ಶ್ರಾವಕನು ಈ ನಿರ್ಣಯದಿಂದ ಒಂದಿಷ್ಟೂ ಸರಿಯಬೇಕಾಗಿಲ್ಲ.

ಆದರೆ ನಿರ್ಣಯವನ್ನು ಉಳಿಸಿಕೊಳ್ಳುವುದು ಬೇರೆ, ನೆರೆಯವರನ್ನು ಕೀಳಾಗಿ ಕಾಣುವುದು ಬೇರೆ. ವರ್ಷದಲ್ಲಿ ಒಂದೇ ಬೆಳೆ ಬರುವ, ಅರ್ಧವರ್ಷ ನೆಲ ಹೆಪ್ಪುಗಟ್ಟುವ ಸೀಮೆಯಲ್ಲಿ ತಲೆತಲಾಂತರದಿಂದ ಬಾಳಿದವರ ಕಷ್ಟವನ್ನು, ವಿಮಾನದಲ್ಲಿ ಬೇಳೆ ತರಿಸಿಕೊಳ್ಳುವವನು ತೂಗಿ ನೋಡಲಾರ. ಟಿಬೆಟಿನ ಪ್ರಸ್ಥಭೂಮಿಯ ಜನರ ದೇಹವೇ ಸಾವಿರಾರು ವರ್ಷಗಳಲ್ಲಿ ಆ ಗಾಳಿಗೆ ಒಗ್ಗಿದೆ. ಇಪಿಎಎಸ್–1 ಎಂಬ ಜೀನಿನಲ್ಲಿ ಅದರ ಗುರುತು ಇರುವುದನ್ನು 2010ರಲ್ಲಿ ವಿಜ್ಞಾನಿಗಳು ಕಂಡರು. ಹೊಸಬನಿಗೆ ಇಲ್ಲದ ದೇಹಶಕ್ತಿಯೂ ಅರಿವೂ ಅವರಲ್ಲಿವೆ. ಮೇಲಿನ ನಿದರ್ಶನದಲ್ಲಿ ತಾಯಿಯ ತಪ್ಪುವ ಹೆಜ್ಜೆಯನ್ನು ಕಂಡವಳು ಮಾಂಸಾಹಾರಿಯಾದ ಲಡಾಖಿ ಅಜ್ಜಿ. ಅಂದು ರಾತ್ರಿ ಆ ಅಂಗಳದಲ್ಲಿ ಪ್ರಮಾದವಿಲ್ಲದೆ ಇದ್ದವಳು ಆಕೆಯೊಬ್ಬಳೇ. ಒಂದು ಜೀವದ ರಕ್ಷಣೆ ಅಂದು ಅವಳಿಂದ ಆಯಿತು ಎಂಬುದನ್ನು ಅನೇಕಾಂತವನ್ನು ಒಪ್ಪಿದ ಮನೆಯವರು ಮರೆಯಬಾರದು.

ಇಳಿಯುವುದು ಸೋಲಲ್ಲ

ಎತ್ತರದಲ್ಲಿ ಪ್ರಾಣ ಕಳೆದುಕೊಳ್ಳುವವರಲ್ಲಿ ಬೇನೆಯನ್ನು ಮರೆಮಾಚಿ ಮುಂದೆ ಹೋದವರು ಹಲವರು. ನೋವಿನ ಮಾತ್ರೆ ನುಂಗಿ ತಲೆನೋವನ್ನು ಅಡಗಿಸಿ ಇನ್ನೂ ಮೇಲೇರುವವನ ಸ್ಥಿತಿಯು ಉಪಶಮ ಶ್ರೇಣಿಯನ್ನು ಏರಿದ ಜೀವದ ಸ್ಥಿತಿಯನ್ನು ನೆನಪಿಗೆ ತರುತ್ತದೆ. ಆ ಜೀವವು ಮೋಹವನ್ನು ಕ್ಷಯಿಸದೆ ಕೇವಲ ಅಡಗಿಸಿ ಹನ್ನೊಂದನೆಯ ಗುಣಸ್ಥಾನದವರೆಗೆ ಏರುತ್ತದೆ. ಅಡಗಿದ್ದು ಮತ್ತೆ ಎದ್ದಾಗ ಕೆಳಗೆ ಬೀಳುತ್ತದೆ. ಕ್ಷಪಕ ಶ್ರೇಣಿಯ ಜೀವಕ್ಕೆ ಆ ಬೀಳು ಇಲ್ಲ. ದೇಹದ ಏರಿಕೆ ಆತ್ಮದ ಏರಿಕೆಗೆ ಸಮನಲ್ಲ ಎಂಬುದು ನಿಜ. ಆದರೂ ಅಡಗಿಸಿದ್ದನ್ನು ಗೆದ್ದದ್ದೆಂದು ತಿಳಿಯಬಾರದೆಂಬ ಎಚ್ಚರಿಕೆ ಎರಡಕ್ಕೂ ಸಲ್ಲುತ್ತದೆ.

ಕ್ಷೇತ್ರವು ಪ್ರತಿಕೂಲವಾದಾಗ ಕ್ಷೇತ್ರವನ್ನೇ ಬಿಡುವುದು ಜೈನಸಂಘಕ್ಕೆ ಅಪಮಾನವೂ ಅಲ್ಲ, ಅಪರಿಚಿತವೂ ಅಲ್ಲ. ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುನ್ನರಿತು ಹೇಳಿದುದನ್ನೂ, ಸಂಘವು ಉತ್ತರಾಪಥದಿಂದ ದಕ್ಷಿಣಕ್ಕೆ ಹೊರಟುದನ್ನೂ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಸುಮಾರು ಕ್ರಿ.ಶ. 600ರ ಶಾಸನವು ಹೇಳುತ್ತದೆ. ವ್ರತವನ್ನು ಉಳಿಸಿಕೊಳ್ಳಲು ನೆಲವನ್ನು ಬಿಟ್ಟವರ ನೆನಪಿನ ಮೇಲೆಯೇ ಕನ್ನಡನಾಡಿನ ಆ ತೀರ್ಥವು ನಿಂತಿದೆ. ಎತ್ತರವು ದೇಹಕ್ಕೆ ಸಲ್ಲದೆಂದು ವೈದ್ಯರು ಹೇಳಿದ ಮೇಲೆ ಉದ್ಯೋಗದ ಬಡ್ತಿಗಾಗಿ ಅಲ್ಲಿಯೇ ಉಳಿಯುವುದು ಧೈರ್ಯವಲ್ಲ, ಲೋಭ.

ಒಮ್ಮೆ ಒಗ್ಗಿದವನು ಎಂದೆಂದಿಗೂ ಒಗ್ಗಿದವನಲ್ಲ ಎಂಬುದನ್ನೂ ತಿಳಿದಿರಬೇಕು. ಮದುವೆಗೋ ಹಬ್ಬಕ್ಕೋ ಊರಿಗೆ ಬಂದು ಕೆಲವು ವಾರ ಉಳಿದು ಮರಳುವ ಎತ್ತರದ ನಿವಾಸಿಗಳಿಗೂ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವುಂಟು. ಹಳಬನೆಂಬ ಭರವಸೆಯಿಂದ ಮರುದಿನವೇ ಕೆಲಸಕ್ಕೆ ಓಡುವವನು ದಿಗ್ವ್ರತದ ಐದನೆಯ ಅತಿಚಾರವಾದ ಸ್ಮೃತ್ಯಂತರಾಧಾನಕ್ಕೆ, ಎಂದರೆ ಹಾಕಿಕೊಂಡ ಮಿತಿಯನ್ನು ಮರೆಯುವ ದೋಷಕ್ಕೆ, ಸಮೀಪದವನು.

ಬಸದಿಗಳ ಟ್ರಸ್ಟುಗಳಿಗೂ ಇಲ್ಲಿ ಹೊಣೆಯಿದೆ. ಆದಿತೀರ್ಥಂಕರ ವೃಷಭದೇವರು ಕೈಲಾಸದಲ್ಲಿ ನಿರ್ವಾಣ ಹೊಂದಿದರೆಂಬುದು ಪರಂಪರೆಯ ಶ್ರದ್ಧೆ, ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದ ನಾಯಕನೂ ಆ ಸ್ವಾಮಿಯೇ. 2020ರಿಂದ ನಿಂತಿದ್ದ ಕೈಲಾಸ ಮಾನಸಸರೋವರ ಯಾತ್ರೆಯು 2025ರಲ್ಲಿ ಪುನಃ ಆರಂಭವಾಯಿತು. ಆ ಪರಿಕ್ರಮದ ದಾರಿಯು ಡೋಲ್ಮಾ ಕಣಿವೆಯಲ್ಲಿ 5600 ಮೀಟರುಗಳನ್ನು ಮೀರುತ್ತದೆ. ಸರಕಾರದ ಯಾತ್ರೆಯಲ್ಲಿ ವೈದ್ಯಕೀಯ ಪರೀಕ್ಷೆ ಕಡ್ಡಾಯ. ಎತ್ತರದ ಯಾವ ಕ್ಷೇತ್ರಕ್ಕೇ ಆಗಲಿ ಯಾತ್ರಿಕರನ್ನು ಕಳುಹಿಸುವ ಟ್ರಸ್ಟು ಖರ್ಚು ಉಳಿಸಲು ವಿಶ್ರಾಂತಿಯ ದಿನಗಳನ್ನು ಕಡಿತ ಮಾಡಕೂಡದು. ಯಾತ್ರಿಕರ ಉಪವಾಸದ ಸಂಕಲ್ಪಗಳನ್ನು ಮುಂಚಿತವಾಗಿ ಕೇಳಿ ತಿಳಿದು, ಏರುವ ದಿನಗಳಲ್ಲಿ ನಿರ್ಜಲ ಉಪವಾಸ ಬೇಡವೆಂದು ಮುನಿಗಳಿಂದಲೋ ಭಟ್ಟಾರಕರಿಂದಲೋ ಹೇಳಿಸಬೇಕು. ಅರ್ಧದಾರಿಯಿಂದ ಮರಳಿದವರನ್ನು ಊರಿನಲ್ಲಿ ಗೌರವದಿಂದಲೇ ಬರಮಾಡಿಕೊಳ್ಳಬೇಕು. ಮರಳಿದವರನ್ನು ಹಂಗಿಸುವ ಊರಿನವರು ಮುಂದಿನ ಯಾತ್ರಿಕನು ತನ್ನ ಬೇನೆಯನ್ನು ಮುಚ್ಚಿಡಲು ಕಾರಣರಾಗುತ್ತಾರೆ.

ಇನ್ನು ಮುಂದೆ ದಿಗ್ವ್ರತವನ್ನು ಸ್ವೀಕರಿಸುವ ಶ್ರಾವಕ ಶ್ರಾವಿಕೆಯರು ಊರ್ಧ್ವದಿಕ್ಕಿನ ಮಿತಿಯನ್ನೂ ಸ್ಪಷ್ಟವಾಗಿ ಬರೆದಿಟ್ಟುಕೊಳ್ಳುವುದು ಉಚಿತ. ಇಷ್ಟು ಮೀಟರುಗಳವರೆಗೆ ಎಂದು ಬರೆಯುವಾಗ ಅದರ ಪಕ್ಕದಲ್ಲಿ ಇನ್ನೆರಡು ಸಂಗತಿಗಳನ್ನು ಸೇರಿಸಬೇಕು: ಅಲ್ಲಿಗೆ ಎಷ್ಟು ದಿನಗಳಲ್ಲಿ ಏರುವುದು, ಬೇನೆ ಬಂದರೆ ಯಾರ ಮಾತಿಗೆ ಒಪ್ಪಿ ಇಳಿಯುವುದು. ಮನೆಯ ಹಿರಿಯರು ಆ ಹಾಳೆಯನ್ನು ಪ್ರಯಾಣಕ್ಕೆ ಮುನ್ನವೇ ಮಕ್ಕಳ ಕೈಗೆ ಕೊಟ್ಟಿದ್ದರೆ, ಅಗತ್ಯ ಬಿದ್ದ ರಾತ್ರಿ ಯಾವ ಮಗನೂ ತಾಯಿಯ ಮುಂದೆ ಮಾತು ತೋಚದೆ ನಿಲ್ಲಬೇಕಾಗಿಲ್ಲ.